ಆಕ್ಯುಪೇಷನಲ್ ಥೆರಪಿ ಎಂದರೇನು? ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇರುವವರಿಗೆ ಇದು ಹೇಗೆ ನೆರವಾಗುತ್ತದೆ? ಇಲ್ಲಿದೆ ಮಾಹಿತಿ

ಪಾರ್ಶ್ವವಾಯು ಆದವರು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಮನೆಯವರು ವೈದ್ಯರನ್ನು ಕೇಳುವ ಮೊದಲ ಪ್ರಶ್ನೆ, 'ಮತ್ತೆ ನಡೆದಾಡುತ್ತಾರಾ?' ಎಂಬುದು. ಎಷ್ಟೋ ಮಂದಿ ಕೆಲವೇ ವಾರಗಳಲ್ಲಿ ಕೋಲು ಹಿಡಿದಾದರೂ ನಡೆಯುತ್ತಾರೆ. ಇನ್ನೊಂದು ಬಗೆಯ ಕಷ್ಟ ಆಮೇಲೆ ಶುರುವಾಗುತ್ತದೆ. ಅಂಗಿಯ ಗುಂಡಿ ಹಾಕಲು ಬರುವುದಿಲ್ಲ, ಚೊಂಬಿನಲ್ಲಿ ನೀರು ಎತ್ತಲು ಆಗುವುದಿಲ್ಲ, ತಟ್ಟೆಯ ಅನ್ನ ಕಲಸಲು ಕೈ ಬಾಗುವುದಿಲ್ಲ. ಮರೆವಿನ ಕಾಯಿಲೆ ಇರುವವರ ಪಾಡು ಬೇರೆ. ಕೈಕಾಲು ಗಟ್ಟಿಯಾಗಿದ್ದರೂ ಬಚ್ಚಲಿಗೆ ಹೋದ ಮೇಲೆ ಮೊದಲು ಏನು ಮಾಡಬೇಕು ಎಂಬುದೇ ಅವರಿಗೆ ತೋಚುವುದಿಲ್ಲ.

ಈ ಎರಡೂ ಬಗೆಯ ಕಷ್ಟಗಳಿಗೆ ಇರುವ ಚಿಕಿತ್ಸೆಯೇ ಆಕ್ಯುಪೇಷನಲ್ ಥೆರಪಿ. ಫಿಸಿಯೋಥೆರಪಿಯಷ್ಟು ಇದು ಜನರಿಗೆ ಪರಿಚಿತವಲ್ಲ. ಎಷ್ಟೋ ಕುಟುಂಬಗಳಿಗೆ ಇಂಥದ್ದೊಂದು ಇದೆ ಎಂದು ತಿಳಿಯುವ ಹೊತ್ತಿಗೆ ಮೊದಲ ಅಮೂಲ್ಯ ತಿಂಗಳುಗಳು ಕಳೆದಿರುತ್ತವೆ. ಈ ಚಿಕಿತ್ಸೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಯಾರಿಗೆ ಬೇಕು, ಎಲ್ಲಿ ಸಿಗುತ್ತದೆ ಎಂಬುದರ ವಿವರ ಇಲ್ಲಿದೆ.

ಹೆಸರೇ ಗೊಂದಲ ತರುತ್ತದೆ

ಕನ್ನಡದಲ್ಲಿ ಇದನ್ನು 'ಔದ್ಯೋಗಿಕ ಚಿಕಿತ್ಸೆ' ಎಂದು ಬರೆಯುವುದುಂಟು. ಇದನ್ನು ಓದಿದವರು ಉದ್ಯೋಗಕ್ಕೆ, ಕಚೇರಿಗೆ ಸಂಬಂಧಿಸಿದ ಚಿಕಿತ್ಸೆ ಎಂದುಕೊಳ್ಳುತ್ತಾರೆ. ನಿವೃತ್ತರಾದ ತಂದೆಗೆ, ಮನೆಯಲ್ಲೇ ಇರುವ ಅಜ್ಜಿಗೆ ಇದೇಕೆ ಎಂಬ ಪ್ರಶ್ನೆ ಹುಟ್ಟುತ್ತದೆ.

ಇಲ್ಲಿ 'ಆಕ್ಯುಪೇಷನ್' ಎಂದರೆ ಒಬ್ಬ ವ್ಯಕ್ತಿಯ ದಿನವನ್ನು ತುಂಬುವ ಪ್ರತಿಯೊಂದು ಕೆಲಸ. ಹಲ್ಲುಜ್ಜುವುದು, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಊಟ ಇವೆಲ್ಲ ಒಂದು ಗುಂಪು. ಅಡುಗೆ, ಹಣದ ಲೆಕ್ಕ, ಮಾತ್ರೆ ತೆಗೆದುಕೊಳ್ಳುವುದು, ಫೋನ್ ಮಾಡುವುದು ಇನ್ನೊಂದು ಗುಂಪು. ಪೂಜೆಗೆ ಹೂವು ಕಟ್ಟುವುದು, ಪತ್ರಿಕೆ ಓದುವುದು, ಮೊಮ್ಮಗಳ ಜಡೆ ಹೆಣೆಯುವುದು ಕೂಡ ಆಕ್ಯುಪೇಷನ್ನೇ. ಕಾಯಿಲೆಯಿಂದ ಇವುಗಳಲ್ಲಿ ಯಾವುದು ತಪ್ಪಿಹೋಗಿದೆಯೋ ಅದನ್ನು ಮತ್ತೆ ಮಾಡುವಂತೆ, ಆಗದಿದ್ದರೆ ಬೇರೆ ರೀತಿಯಲ್ಲಾದರೂ ಮಾಡುವಂತೆ ಸಜ್ಜುಗೊಳಿಸುವುದು ಈ ಚಿಕಿತ್ಸೆಯ ಗುರಿ.

ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ?

ಈ ಪ್ರಶ್ನೆ ಬಹುತೇಕ ಎಲ್ಲರಲ್ಲೂ ಇದೆ. ಸ್ಥೂಲವಾಗಿ ಹೀಗೆ ಹೇಳಬಹುದು:

• ಫಿಸಿಯೋಥೆರಪಿಸ್ಟ್ ಮುಖ್ಯವಾಗಿ ಚಲನೆ, ಸ್ನಾಯುಗಳ ಬಲ, ಸಮತೋಲನ ಮತ್ತು ನಡಿಗೆಯ ಕಡೆ ಗಮನ ಕೊಡುತ್ತಾರೆ.
• ಆಕ್ಯುಪೇಷನಲ್ ಥೆರಪಿಸ್ಟ್ ಆ ಚಲನೆ, ಬಲ ಮತ್ತು ಬುದ್ಧಿಶಕ್ತಿಯನ್ನು ಬಳಸಿ ದಿನನಿತ್ಯದ ಕೆಲಸ ಮಾಡುವುದನ್ನು ಕಲಿಸುತ್ತಾರೆ. ಮನೆಯನ್ನು, ಸಲಕರಣೆಗಳನ್ನು ವ್ಯಕ್ತಿಗೆ ತಕ್ಕಂತೆ ಬದಲಿಸುತ್ತಾರೆ.
• ಸ್ಪೀಚ್ ಥೆರಪಿಸ್ಟ್ ಮಾತು, ಭಾಷೆ ಮತ್ತು ನುಂಗುವಿಕೆಯ ತೊಂದರೆಗಳನ್ನು ನೋಡುತ್ತಾರೆ.

ತೋಳು ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದು ಒಂದು ಅಳತೆ. ಆ ತೋಳಿನಿಂದ ತಲೆ ಬಾಚಿಕೊಳ್ಳಲು ಆಗುತ್ತದೆಯೇ ಎಂಬುದು ಇನ್ನೊಂದು. ಆಕ್ಯುಪೇಷನಲ್ ಥೆರಪಿಗೆ ಎರಡನೆಯದೇ ಮುಖ್ಯ. ಒಳ್ಳೆಯ ಪುನರ್ವಸತಿ ಕೇಂದ್ರಗಳಲ್ಲಿ ಈ ಮೂವರೂ ಒಂದೇ ತಂಡವಾಗಿ ಕೆಲಸ ಮಾಡುತ್ತಾರೆ.

ಭಾರತದಲ್ಲಿ ಆರಂಭವಾಗಿದ್ದು ಮುಂಬೈನಲ್ಲಿ

ಒಂದು ವೃತ್ತಿಯಾಗಿ ಆಕ್ಯುಪೇಷನಲ್ ಥೆರಪಿ ಸಂಘಟಿತವಾಗಿದ್ದು 1917ರಲ್ಲಿ, ಅಮೆರಿಕದಲ್ಲಿ. ಎರಡು ಮಹಾಯುದ್ಧಗಳಲ್ಲಿ ಗಾಯಗೊಂಡ ಸೈನಿಕರ ಪುನರ್ವಸತಿಯಿಂದಾಗಿ ಅದು ವೇಗವಾಗಿ ಬೆಳೆಯಿತು.

ಭಾರತಕ್ಕೆ ಅದನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿದ ಅವರು ಭಾರತೀಯರನ್ನು ಮದುವೆಯಾಗಿ ಇಲ್ಲೇ ನೆಲೆಸಿದವರು. 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ಅವರಿಂದ ಶುರುವಾಯಿತು. 1952ರಲ್ಲಿ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಸಂಘ ಹುಟ್ಟಿತು. ಅದೇ ವರ್ಷ ರಚನೆಯಾದ ವಿಶ್ವ ಒಕ್ಕೂಟದ 10 ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ವ್ಯಾಪ್ತಿಗೆ ಈ ವೃತ್ತಿಯೂ ಬರುತ್ತದೆ. ಪ್ರತಿ ವರ್ಷ ಅಕ್ಟೋಬರ್ 27ರಂದು ವಿಶ್ವ ಆಕ್ಯುಪೇಷನಲ್ ಥೆರಪಿ ದಿನ ಆಚರಿಸಲಾಗುತ್ತದೆ.

ಮೊದಲ ಭೇಟಿಯಲ್ಲಿ ಏನು ನಡೆಯುತ್ತದೆ?

ಸ್ಕ್ಯಾನ್ ವರದಿಗಿಂತ ಹೆಚ್ಚಾಗಿ ಥೆರಪಿಸ್ಟ್ ದಿನಚರಿಯನ್ನು ಕೇಳುತ್ತಾರೆ. ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದರು? ಯಾವ ಕೆಲಸ ಮಾಡುತ್ತಿದ್ದರು? ಈಗ ಯಾವುದು ಆಗುತ್ತಿಲ್ಲ? ಅದರಲ್ಲಿ ಯಾವುದು ಮತ್ತೆ ಬೇಕೆಂದು ಅವರಿಗೇ ಅನಿಸುತ್ತದೆ?

ಬಳಿಕ ಕೆಲವು ಕೆಲಸಗಳನ್ನು ಮಾಡಿಸಿ ನೋಡುತ್ತಾರೆ. ದಿನನಿತ್ಯದ ಕೆಲಸಗಳಲ್ಲಿ ಎಷ್ಟು ಸ್ವಾವಲಂಬನೆ ಇದೆ ಎಂದು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು 1965ರಲ್ಲಿ ಪ್ರಕಟವಾದ ಬಾರ್ಥೆಲ್ ಇಂಡೆಕ್ಸ್. ಊಟ, ಸ್ನಾನ, ಉಡುಪು, ಶೌಚ, ಮೆಟ್ಟಿಲು ಹತ್ತುವುದು ಸೇರಿದಂತೆ 10 ಅಂಶಗಳಿಗೆ ಒಟ್ಟು 100 ಅಂಕ. ಮೂರು ತಿಂಗಳ ಬಳಿಕ ಇದೇ ಪರೀಕ್ಷೆ ಮಾಡಿದರೆ ಚಿಕಿತ್ಸೆ ಫಲ ಕೊಡುತ್ತಿದೆಯೇ ಎಂಬುದು ಮನೆಯವರಿಗೂ ಗೊತ್ತಾಗುತ್ತದೆ.

ಕೊನೆಗೆ ಗುರಿ ಬರೆಯುತ್ತಾರೆ. 'ಕೈ ಸುಧಾರಿಸಬೇಕು' ಎಂಬುದು ಗುರಿಯಲ್ಲ. 'ಆರು ವಾರಗಳಲ್ಲಿ ಯಾರ ನೆರವೂ ಇಲ್ಲದೆ ಅಂಗಿ ಹಾಕಿಕೊಳ್ಳಬೇಕು' ಎಂಬುದು ಗುರಿ.

ಪಾರ್ಶ್ವವಾಯು: ಕೈಗೆ ಕೆಲಸ, ಮಿದುಳಿಗೆ ಪಾಠ

ಪಾರ್ಶ್ವವಾಯುವಿನ ನಂತರದ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಅತಿ ವೇಗವಾಗಿರುತ್ತದೆ. ಆಮೇಲೆ ನಿಧಾನವಾದರೂ ನಿಲ್ಲುವುದಿಲ್ಲ. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಮಿದುಳಿನ ಉಳಿದ ಭಾಗಗಳು ಹೊಸ ಸಂಪರ್ಕಗಳನ್ನು ಕಟ್ಟಿಕೊಳ್ಳುತ್ತವೆ. ಹಾಗಾಗಿ ಬರೀ ಚೆಂಡು ಒತ್ತುವುದಕ್ಕಿಂತ ಲೋಟ ಹಿಡಿಯುವುದು, ಬೀಗ ತಿರುಗಿಸುವುದು, ಬಟ್ಟೆ ಮಡಚುವುದು ಮುಂತಾದ ನಿಜವಾದ ಕೆಲಸಗಳ ಅಭ್ಯಾಸಕ್ಕೆ ಒತ್ತು ಕೊಡಲಾಗುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಎಲ್ಲ ಥೆರಪಿಗಳೂ ಸೇರಿ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಪುನರ್ವಸತಿ ಬೇಕೆಂದು ಹೇಳಿದೆ. ನಮ್ಮಲ್ಲಿ ವಾರಕ್ಕೆ ಎರಡು ದಿನ ಅರ್ಧ ಗಂಟೆ ಸಿಕ್ಕರೆ ಸಾಕು ಎನ್ನುವವರು ಗಮನಿಸಬೇಕಾದ ಅಂಶವಿದು.

ಸ್ವಲ್ಪವಾದರೂ ಚಲನೆ ಉಳಿದಿರುವ ಕೈಗೆ 'ಕನ್‌ಸ್ಟ್ರೈಂಟ್ ಥೆರಪಿ' ಎಂಬ ವಿಧಾನವಿದೆ. ಚೆನ್ನಾಗಿರುವ ಕೈಗೆ ಕೈಗವಸು ತೊಡಿಸಿ, ಎಲ್ಲ ಕೆಲಸವನ್ನೂ ದುರ್ಬಲ ಕೈಯಿಂದಲೇ ಮಾಡಿಸುವ ಕ್ರಮವಿದು. 222 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಎಕ್ಸೈಟ್ ಅಧ್ಯಯನದಲ್ಲಿ ಎರಡು ವಾರಗಳ ಈ ಚಿಕಿತ್ಸೆಯಿಂದ ಕೈಬಳಕೆ ಗಣನೀಯವಾಗಿ ಸುಧಾರಿಸಿತ್ತು. ಆದರೆ ಬೆರಳು, ಮಣಿಕಟ್ಟು ಸ್ವಲ್ಪವೂ ಅಲುಗದವರಿಗೆ ಇದು ಸರಿಹೊಂದುವುದಿಲ್ಲ. ತಜ್ಞರ ನಿಗಾ ಇಲ್ಲದೆ ಮನೆಯಲ್ಲಿ ಇದನ್ನು ಮಾಡಬಾರದು.

ಮನೆಯವರು ತಪ್ಪಾಗಿ ಅರ್ಥ ಮಾಡಿಕೊಳ್ಳುವ ಇನ್ನೊಂದು ಲಕ್ಷಣವಿದೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಬದಿಯ ಜಗತ್ತೇ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಬಲ ಅರ್ಧದ ಅನ್ನ ಉಂಡು ಎಡ ಅರ್ಧವನ್ನು ಹಾಗೇ ಬಿಟ್ಟು 'ಇನ್ನೂ ಹಸಿವು' ಎನ್ನುತ್ತಾರೆ. ಮುಖದ ಒಂದೇ ಬದಿ ಕ್ಷೌರ ಮಾಡಿಕೊಳ್ಳುತ್ತಾರೆ. ಇದು ಹಠವೂ ಅಲ್ಲ, ಕಣ್ಣಿನ ದೋಷವೂ ಅಲ್ಲ, ಗಮನದ ದೋಷ. ತಟ್ಟೆಯ ಅಥವಾ ಪುಟದ ಎಡ ಅಂಚಿಗೆ ಕೆಂಪು ಪಟ್ಟಿ ಹಚ್ಚಿ, ಅದು ಕಾಣುವವರೆಗೆ ತಲೆ ತಿರುಗಿಸುವಂತೆ ಥೆರಪಿಸ್ಟ್ ಅಭ್ಯಾಸ ಮಾಡಿಸುತ್ತಾರೆ.

ಬಟ್ಟೆ ಹಾಕಿಕೊಳ್ಳುವುದಕ್ಕೂ ಒಂದು ಸರಳ ನಿಯಮವಿದೆ. ಹಾಕಿಕೊಳ್ಳುವಾಗ ದುರ್ಬಲ ಕೈ ಮೊದಲು, ಬಿಚ್ಚುವಾಗ ದುರ್ಬಲ ಕೈ ಕೊನೆಗೆ. ರವಿಕೆಯ ಹುಕ್ಕಿನ ಬದಲು ವೆಲ್ಕ್ರೋ, ಮೊದಲೇ ನೆರಿಗೆ ಹೊಲಿದ ಸೀರೆ, ಎಲಾಸ್ಟಿಕ್ ಸೊಂಟದ ಪೈಜಾಮ ಇದ್ದರೆ ಒಂದೇ ಕೈಯಲ್ಲಿ ಉಡುವುದು ಸಾಧ್ಯ.

ಬಲಗೈ ಸೋತವರು ಎಡಗೈಯಲ್ಲಿ ಊಟ ಮಾಡಲು ಸಂಕೋಚಪಡುವುದು ನಮ್ಮಲ್ಲಿ ಸಾಮಾನ್ಯ. ಪಂಕ್ತಿಯಲ್ಲಿ ಕೂರುವುದನ್ನೇ ಬಿಡುತ್ತಾರೆ. ಹಿಡಿಗೆ ದಪ್ಪ ಬಟ್ಟೆ ಸುತ್ತಿದ ಚಮಚ, ಅಂಚು ಎತ್ತರವಿರುವ ತಟ್ಟೆ, ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಇಟ್ಟುಕೊಂಡು ಮೊದಲು ಮನೆಮಂದಿಯ ನಡುವೆ ಅಭ್ಯಾಸ ಮಾಡಿಸಿದರೆ ಸಂಕೋಚ ಕಡಿಮೆಯಾಗುತ್ತದೆ. ನುಂಗಲು ತೊಂದರೆ ಇರುವವರಿಗೆ ಅನ್ನ, ಮುದ್ದೆ, ಗಂಜಿ ಇವುಗಳಲ್ಲಿ ಯಾವುದು ಸುರಕ್ಷಿತ ಎಂಬುದನ್ನು ಮಾತ್ರ ಸ್ಪೀಚ್ ಥೆರಪಿಸ್ಟ್ ಅವರನ್ನು ಕೇಳಿಯೇ ನಿರ್ಧರಿಸಬೇಕು.

ಪಾರ್ಕಿನ್ಸನ್: ನೆಲದ ಮೇಲಿನ ಗೆರೆ, ಮನಸ್ಸಿನಲ್ಲಿ ಎಣಿಕೆ

ಪಾರ್ಕಿನ್ಸನ್‌ನಲ್ಲಿ ಯೋಚನೆ ಇಲ್ಲದೆ ಆಗುತ್ತಿದ್ದ ಚಲನೆಗಳು ನಿಧಾನವಾಗುತ್ತವೆ. ಬಾಗಿಲ ಬಳಿ ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವುದು ಹಲವರ ಅನುಭವ. ನೆಲದ ಮೇಲೆ ಅಡ್ಡಕ್ಕೆ ಬಣ್ಣದ ಟೇಪ್ ಅಂಟಿಸಿ ಅದನ್ನು ದಾಟುವಂತೆ ಹೇಳಿದರೆ, ಇಲ್ಲವೇ 'ಒಂದು, ಎರಡು' ಎಂದು ಎಣಿಸುತ್ತಾ ಹೆಜ್ಜೆ ಇಡಿಸಿದರೆ ಹಲವರಿಗೆ ಕಾಲು ಕೀಳಲು ಆಗುತ್ತದೆ. ಅಕ್ಷರ ಸಣ್ಣದಾಗುತ್ತಾ ಹೋಗುವವರಿಗೆ ಗೆರೆ ಹಾಕಿದ ಹಾಳೆ ನೆರವಾಗುತ್ತದೆ. ಸ್ನಾನ, ಊಟದಂಥ ಕೆಲಸಗಳನ್ನು ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತಿಗೆ ಹೊಂದಿಸುವುದು, ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವುದು ಮುಖ್ಯ ಸೂತ್ರಗಳು. ನಡೆಯುವಾಗ ಮಾತಾಡಿಸುವುದು, ಕೈಗೆ ಲೋಟ ಕೊಡುವುದು ಬೇಡ.

ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ ದಣಿವೇ ದೊಡ್ಡ ಶತ್ರು. ಕೂತು ಅಡುಗೆ ಮಾಡುವುದು, ಭಾರದ ಕೆಲಸವನ್ನು ತಂಪು ಹೊತ್ತಿಗೆ ಇಟ್ಟುಕೊಳ್ಳುವುದು, ಕೆಲಸಗಳ ನಡುವೆ ವಿಶ್ರಾಂತಿ ಹೀಗೆ ಶಕ್ತಿ ಉಳಿಸುವ ಕ್ರಮಗಳನ್ನು ಕಲಿಸಲಾಗುತ್ತದೆ. ಅಪಘಾತದಲ್ಲಿ ತಲೆಗೆ ಪೆಟ್ಟಾದ ಯುವಕರಲ್ಲಿ ಕೈಕಾಲಿಗಿಂತ ಗಮನ, ಯೋಜನೆ, ನೆನಪಿನ ತೊಂದರೆ ಹೆಚ್ಚು ಕಾಡಬಹುದು. ಅವರಿಗೆ ಮೊಬೈಲ್ ಅಲಾರಾಂ, ನೋಟ್ ಪುಸ್ತಕ, ಹಂತಹಂತವಾಗಿ ಕೆಲಸಕ್ಕೆ ಮರಳುವ ಯೋಜನೆ ಬೇಕಾಗುತ್ತದೆ.

ಡಿಮೆನ್ಷಿಯಾ: ಮರೆತದ್ದನ್ನು ಕಲಿಸುವುದಲ್ಲ, ಉಳಿದದ್ದನ್ನು ಬಳಸುವುದು

ಲಾಸಿ-ಡ್ಯಾಡ್ ಎಂಬ ರಾಷ್ಟ್ರೀಯ ಅಧ್ಯಯನದ 2023ರ ವರದಿಯ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಮಂದಿ. ಪುರುಷರಿಗಿಂತ ಮಹಿಳೆಯರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು. ಇದರಲ್ಲಿ ಅತಿ ಸಾಮಾನ್ಯವಾದುದು ಅಲ್ಝೈಮರ್ಸ್.

ಇಲ್ಲಿ ಆಕ್ಯುಪೇಷನಲ್ ಥೆರಪಿಯ ದಾರಿ ಬೇರೆ. ಕಾಯಿಲೆ ಮುಂದುವರಿಯುವಂಥದ್ದು. ಯಾವ ಥೆರಪಿಯೂ ಅದನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಆದರೆ ನಿನ್ನೆಯ ಮಾತು ಮರೆತವರಿಗೂ ಕೈಗೆ ರೂಢಿಯಾದ ಕೆಲಸಗಳು ಬಹುಕಾಲ ಉಳಿಯುತ್ತವೆ. ಮಗಳ ಹೆಸರು ತಡಕಾಡುವ ಅಜ್ಜಿ ಹೂವಿನ ದಂಡೆಯನ್ನು ಸಲೀಸಾಗಿ ಕಟ್ಟಬಲ್ಲರು. ಅವರೆಕಾಯಿ ಸುಲಿಯುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಒಗೆದ ಬಟ್ಟೆ ಮಡಚುವುದು, ರಂಗೋಲಿಯ ಚುಕ್ಕಿ ಇಡುವುದು, ನಾಣ್ಯ ಜೋಡಿಸುವುದು ಇವೆಲ್ಲ ಆ ಉಳಿದ ಶಕ್ತಿಯನ್ನು ಬಳಸುವ ಕೆಲಸಗಳು. ಮಕ್ಕಳ ಆಟಿಕೆ ಕೊಟ್ಟು ಕೂರಿಸುವುದಕ್ಕೂ ಇದಕ್ಕೂ ಅಜಗಜಾಂತರ. ಅವರು ಮಾಡಿದ್ದು ಮನೆಯ ಬಳಕೆಗೆ ಬರಬೇಕು. ಸುಲಿದ ಅವರೆ ಸಾರಿಗೆ ಹೋಗಬೇಕು, ಕಟ್ಟಿದ ಹೂವು ದೇವರ ಪಟಕ್ಕೆ ಏರಬೇಕು.

ಥೆರಪಿಸ್ಟ್‌ಗಳು ಮನೆಯವರಿಗೆ ಕಲಿಸುವ ಕ್ರಮಗಳು ಹೀಗಿವೆ:

• ಒಂದು ಸಲಕ್ಕೆ ಒಂದೇ ಮಾತು. 'ಸ್ನಾನ ಮಾಡಿ ಬಟ್ಟೆ ಬದಲಿಸಿ ತಿಂಡಿಗೆ ಬಾ' ಎಂದರೆ ಮೂರೂ ಕಳೆದುಹೋಗುತ್ತವೆ. 'ಟವೆಲ್ ತಗೋ' ಎಂದು ಹೇಳಿ, ಅದು ಮುಗಿದ ಮೇಲೆ ಮುಂದಿನದು.
• ಹೇಳಿದ ಮೇಲೆ ಕಾಯಬೇಕು. ಅರ್ಥವಾಗಲು ಅವರಿಗೆ ಹೆಚ್ಚು ಹೊತ್ತು ಬೇಕು. ನಡುವೆ ಮತ್ತೆ ಮತ್ತೆ ಹೇಳಿದರೆ ಮೊದಲಿನಿಂದ ಶುರುವಾಗುತ್ತದೆ.
• ತಪ್ಪು ಮಾಡಿಸಿ ತಿದ್ದುವುದಕ್ಕಿಂತ ತಪ್ಪೇ ಆಗದಂತೆ ಜೊತೆಗಿದ್ದು ಮಾಡಿಸುವುದು ಒಳ್ಳೆಯದು. 'ನಾನು ಯಾರು ಹೇಳು ನೋಡೋಣ' ಎಂಬ ಪರೀಕ್ಷೆ ಬೇಡ. 'ಅಮ್ಮ, ನಾನು ನಿನ್ನ ಮಗ' ಎಂದು ಹೇಳಿಯೇ ಮಾತು ಶುರು ಮಾಡಬಹುದು.
• ಬಟ್ಟೆಗಳನ್ನು ಹಾಕಿಕೊಳ್ಳುವ ಕ್ರಮದಲ್ಲೇ ಜೋಡಿಸಿಡುವುದು, ಬೀರು ತುಂಬಾ ಆಯ್ಕೆ ಇಡದಿರುವುದು.
• ದಿನವೂ ಒಂದೇ ಹೊತ್ತಿಗೆ ಒಂದೇ ಕ್ರಮ. ಸಂಜೆ ತಳಮಳ ಹೆಚ್ಚುವವರಿಗೆ ಸ್ನಾನದಂಥ ಕೆಲಸವನ್ನು ಬೆಳಗ್ಗೆಯೇ ಮುಗಿಸುವುದು.

ಊರು ಬಿಟ್ಟು ಬಂದ ಹಿರಿಯರು ಮತ್ತು ಭಾಷೆಯ ಪ್ರಶ್ನೆ

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಊರಿನಲ್ಲಿ ಒಂಟಿಯಾಗಿದ್ದ ತಂದೆ ಅಥವಾ ತಾಯಿಗೆ ಮರೆವು ಶುರುವಾದ ಮೇಲೆ ಮಕ್ಕಳು ಕರೆತರುತ್ತಾರೆ. ಊರಿನ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ಬರುತ್ತಿದ್ದವರು ಹನ್ನೆರಡನೇ ಮಹಡಿಯ ಫ್ಲ್ಯಾಟ್‌ನಲ್ಲಿ ದಿಕ್ಕು ತಪ್ಪುತ್ತಾರೆ. ಒಲೆ ಬೇರೆ, ನಲ್ಲಿ ಬೇರೆ, ಲಿಫ್ಟ್ ಬೇರೆ, ಸುತ್ತಲಿನ ಮಾತೂ ಬೇರೆ. ಕಾಯಿಲೆ ಒಮ್ಮೆಲೇ ಹೆಚ್ಚಾಯಿತು ಎಂದು ಮನೆಯವರಿಗೆ ಅನಿಸುತ್ತದೆ. ಹೆಚ್ಚಿದ್ದರಲ್ಲಿ ಒಂದು ಪಾಲು ಕಾಯಿಲೆಯದ್ದಾದರೆ ಇನ್ನೊಂದು ಪಾಲು ಅಪರಿಚಿತ ಜಾಗದ್ದು.

ಆಕ್ಯುಪೇಷನಲ್ ಥೆರಪಿ ಈ ಎರಡನೇ ಪಾಲನ್ನು ಕಡಿಮೆ ಮಾಡಬಲ್ಲದು. ಊರಿನ ಚೊಂಬು, ಹಾಸಿಗೆಯ ಹೊದಿಕೆ, ದೇವರ ಪಟ, ದೊಡ್ಡ ಅಂಕಿಯ ಕನ್ನಡ ಕ್ಯಾಲೆಂಡರ್ ಜೊತೆಗೆ ಬರಲಿ. ಬಚ್ಚಲು, ಕೋಣೆ, ಬೀರುವಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರದ ಚೀಟಿ, ಓದು ಬಾರದವರಿಗೆ ಚಿತ್ರ ಇರಲಿ.

ಭಾಷೆಯ ವಿಚಾರದಲ್ಲಿ ಕುಟುಂಬಗಳು ಪಟ್ಟು ಹಿಡಿಯುವುದು ಒಳ್ಳೆಯದು. ನಡುವಯಸ್ಸಿನಲ್ಲಿ ಕಲಿತ ಹಿಂದಿ, ಮರಾಠಿ, ಇಂಗ್ಲಿಷ್ ಅನೇಕರಲ್ಲಿ ಮೊದಲು ಮಸುಕಾಗುತ್ತದೆ. ಹಾಗಿರುವಾಗ ಹಿಂದಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರದಿದ್ದರೆ ಅದು ಮರೆವೋ ಭಾಷೆಯೋ ಎಂದು ಹೇಳಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ಅರಿವಿನ ಪರೀಕ್ಷಾ ಸಾಧನ ಮೊದಲು ಸಿದ್ಧವಾದ ಐದು ಭಾಷೆಗಳಲ್ಲಿ ಕನ್ನಡವೂ ಇದೆ. ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಉಳಿದ ನಾಲ್ಕು. ಕನ್ನಡದಲ್ಲಿ ಪರೀಕ್ಷೆ ಮಾಡಲು ಸಾಧ್ಯವೇ ಎಂದು ಆಸ್ಪತ್ರೆಯಲ್ಲಿ ಕೇಳಬಹುದು. ಥೆರಪಿಸ್ಟ್‌ಗೆ ಕನ್ನಡ ಬಾರದಿದ್ದರೆ ಮನೆಯವರೊಬ್ಬರು ಜೊತೆಗಿದ್ದು, ಸೂಚನೆಗಳನ್ನು ಹಿರಿಯರು ದಿನವೂ ಆಡುವ ಮಾತಿನಲ್ಲೇ ಹೇಳಬಹುದು. ಹುಬ್ಬಳ್ಳಿಯವರಿಗೆ ಹುಬ್ಬಳ್ಳಿಯ ಮಾತು, ಮಂಗಳೂರಿನವರಿಗೆ ಅವರ ಮನೆಮಾತು.

ಹೈದರಾಬಾದ್‌ನ ನಿಮ್ಸ್ ಆಸ್ಪತ್ರೆಯ 648 ರೋಗಿಗಳ ಮೇಲೆ ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಹಿನ್ನೆಲೆಯಲ್ಲಿ ಕುತೂಹಲ ಹುಟ್ಟಿಸುತ್ತದೆ. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಇಲ್ಲದವರಲ್ಲೂ ಈ ವ್ಯತ್ಯಾಸ ಕಂಡಿತ್ತು.

ಪ್ರೀತಿಯೇ ಅಡ್ಡಿಯಾಗುವುದು ಹೇಗೆ?

'ನೀವು ಸುಮ್ಮನೆ ಕೂತಿರಿ, ನಾವು ಮಾಡ್ತೀವಿ.' ನಮ್ಮ ಮನೆಗಳಲ್ಲಿ ಕಾಯಿಲೆಯವರಿಗೆ ಅತಿ ಹೆಚ್ಚು ಹೇಳುವ ಮಾತಿದು. ಇದರ ಹಿಂದೆ ಅಕ್ಕರೆ ಇದೆ, ಗೌರವವಿದೆ, ಆಫೀಸಿಗೆ ಹೊರಡುವ ಆತುರವೂ ಇದೆ. ಅಂಗಿ ತೊಡಿಸಲು ಎರಡು ನಿಮಿಷ ಸಾಕು. ಅವರೇ ಹಾಕಿಕೊಳ್ಳಲು ಇಪ್ಪತ್ತು ನಿಮಿಷ ಬೇಕು.

ಆದರೆ ಬಳಸದ ಸಾಮರ್ಥ್ಯ ಕುಗ್ಗುತ್ತದೆ. ಪಾರ್ಶ್ವವಾಯುವಿನ ಕೈಯನ್ನು ಬಳಸದೇ ಬಿಟ್ಟರೆ ಮಿದುಳು ಅದನ್ನು ಬಳಸುವುದನ್ನೇ ಕೈಬಿಡುತ್ತದೆ. ಡಿಮೆನ್ಷಿಯಾ ಇರುವವರು ಒಂದು ತಿಂಗಳು ತಾವೇ ಊಟ ಮಾಡದಿದ್ದರೆ ಆ ರೂಢಿ ತಪ್ಪಿಹೋಗಬಹುದು, ಮತ್ತೆ ಕಲಿಸುವುದು ಕಷ್ಟ. ಎಷ್ಟು ನೆರವು ಬೇಕೋ ಅಷ್ಟೇ ಕೊಡುವುದು ಆಕ್ಯುಪೇಷನಲ್ ಥೆರಪಿಯ ಮೂಲಪಾಠ. ಮೊದಲು ಮಾತಿನಲ್ಲಿ ನೆನಪಿಸುವುದು, ಆಗದಿದ್ದರೆ ಮಾಡಿ ತೋರಿಸುವುದು, ಅದೂ ಸಾಲದಿದ್ದರೆ ಕೈ ಹಿಡಿದು ಶುರು ಮಾಡಿಸುವುದು, ಕೊನೆಗಷ್ಟೇ ತಾವೇ ಮಾಡುವುದು. ಎಲ್ಲ ಕೆಲಸಕ್ಕೂ ಸಮಯ ಇಲ್ಲದ ಮನೆಯಲ್ಲಿ ದಿನಕ್ಕೆ ಒಂದು ಕೆಲಸವನ್ನಾದರೂ ಪೂರ್ತಿಯಾಗಿ ಅವರಿಗೇ ಬಿಡಬಹುದು.

ಮನೆಯಲ್ಲಿ ಮಾಡಬಹುದಾದ ಬದಲಾವಣೆಗಳು

• ಬಚ್ಚಲು: ಗೋಡೆಗೆ ಭದ್ರವಾದ ಹಿಡಿಕೆ, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ, ಜಾರದ ಮ್ಯಾಟ್, ಕೈಗೆಟುಕುವ ಎತ್ತರದಲ್ಲಿ ಬಕೆಟ್. ಸಾಬೂನನ್ನು ಬಟ್ಟೆಯ ಚೀಲಕ್ಕೆ ಹಾಕಿ ದಾರದಲ್ಲಿ ತೂಗುಹಾಕಿದರೆ ಒಂದೇ ಕೈಯಲ್ಲಿ ಹಚ್ಚಿಕೊಳ್ಳಬಹುದು. ಟವೆಲ್ ಹಾಕುವ ಸರಳನ್ನು ಹಿಡಿಕೆಯಾಗಿ ಬಳಸಬಾರದು, ಅದು ಮೈಭಾರ ತಡೆಯುವುದಿಲ್ಲ.
• ಶೌಚಾಲಯ: ನೆಲಮಟ್ಟದ ಕಮೋಡ್ ಇದ್ದರೆ ಮೇಲಿಡುವ ಸ್ಟ್ಯಾಂಡ್ ಅಥವಾ ಕಮೋಡ್ ಕುರ್ಚಿ. ಒಳಚಿಲಕ ಹೊರಗಿನಿಂದಲೂ ತೆರೆಯುವಂತಿರಲಿ. ರಾತ್ರಿ ಹಾಸಿಗೆಯಿಂದ ಅಲ್ಲಿಗೆ ದಾರಿ ತೋರುವ ಸಣ್ಣ ದೀಪ ಇರಲಿ.
• ಅಡುಗೆಮನೆ: ಗ್ಯಾಸ್ ಸಿಲಿಂಡರ್ ಬಳಿಯ ರೆಗ್ಯುಲೇಟರ್ ಬಳಸಿದ ನಂತರ ಬಂದ್ ಮಾಡುವುದು, ಚಾಕು ಮತ್ತು ಫಿನಾಯಿಲ್ ಬೇರೆಡೆ ಇಡುವುದು.
• ನೆಲ: ಅಂಚು ಮಡಚುವ ಚಾಪೆ, ಕಾಲೊರಸು, ವೈರು ತೆಗೆಯುವುದು. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸುವುದು.
• ಹೊರಬಾಗಿಲು: ಮನೆ ಬಿಟ್ಟು ಹೋಗುವ ಅಭ್ಯಾಸ ಇರುವವರಿಗೆ ಬಾಗಿಲಿಗೆ ಗಂಟೆ, ಕೈಗೆ ಫೋನ್ ನಂಬರ್ ಇರುವ ಬಳೆ ಅಥವಾ ಪಟ್ಟಿ. ಅಪಾರ್ಟ್‌ಮೆಂಟಿನ ಕಾವಲುಗಾರರಿಗೆ ಮೊದಲೇ ತಿಳಿಸಿಡುವುದು.

ಸಂಶೋಧನೆ ಏನು ಹೇಳುತ್ತದೆ?

ನೆದರ್ಲೆಂಡ್ಸ್‌ನಲ್ಲಿ ಡಿಮೆನ್ಷಿಯಾ ಇರುವ 135 ಹಿರಿಯರು ಮತ್ತು ಅವರ ಆರೈಕೆದಾರರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಐದು ವಾರಗಳಲ್ಲಿ 10 ಬಾರಿ ಮನೆಗೇ ಬಂದು ಕೊಟ್ಟ ಥೆರಪಿಯಿಂದ ದಿನನಿತ್ಯದ ಕೆಲಸಗಳಲ್ಲಿ ಸುಧಾರಣೆ ಕಂಡಿತು. ಆರೈಕೆ ಮಾಡುವವರ ಆತ್ಮವಿಶ್ವಾಸವೂ ಹೆಚ್ಚಿತು. ಇದೇ ಮಾದರಿಯನ್ನು ಬ್ರಿಟನ್ನಿಗೆ ಹೊಂದಿಸಿ ನಡೆಸಿದ, 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮಾತ್ರ ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಪಾರ್ಕಿನ್ಸನ್‌ನಲ್ಲೂ ಹೀಗೆಯೇ. ನೆದರ್ಲೆಂಡ್ಸ್‌ನ 191 ರೋಗಿಗಳಲ್ಲಿ 10 ವಾರಗಳ ಮನೆ ಥೆರಪಿ ಫಲ ಕೊಟ್ಟಿತು. ಬ್ರಿಟನ್ನಿನ 762 ಮಂದಿಯಲ್ಲಿ ಕಡಿಮೆ ಪ್ರಮಾಣದ ಥೆರಪಿಯಿಂದ ಪ್ರಯೋಜನ ಕಾಣಲಿಲ್ಲ. ಎಷ್ಟು ಸಲ, ಎಷ್ಟು ಆಳವಾಗಿ, ಯಾರ ಗುರಿಗೆ ತಕ್ಕಂತೆ ಎಂಬುದನ್ನು ನೋಡದೆ ಹೆಸರಿಗೆ ಮಾಡಿದ ಥೆರಪಿಯಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ.

ಭಾರತದ್ದೇ ಒಂದು ದೊಡ್ಡ ಪಾಠವೂ ಇದೆ. ದೇಶದ 14 ಆಸ್ಪತ್ರೆಗಳ 1,250 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ ಅಟೆಂಡ್ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮನೆಯವರಿಗೇ ತರಬೇತಿ ಕೊಟ್ಟು ಪುನರ್ವಸತಿ ಮಾಡಿಸಿದರೆ ಹೇಗೆ ಎಂಬುದು ಅದರ ಪ್ರಶ್ನೆ. ಆರು ತಿಂಗಳ ನಂತರ ಸಾವು ಅಥವಾ ಪರಾವಲಂಬನೆಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯವರ ಪಾತ್ರ ದೊಡ್ಡದು, ಆದರೆ ತರಬೇತಿ ಪಡೆದ ಥೆರಪಿಸ್ಟ್‌ನ ಜಾಗವನ್ನು ಅವರು ತುಂಬಲಾಗದು.

ಎಲ್ಲಿ ಸಿಗುತ್ತದೆ?

• ಮುಂಬೈ: ಕೆಇಎಂ, ಸಯನ್ ಮತ್ತು ನಾಯರ್ ಆಸ್ಪತ್ರೆಗಳಲ್ಲಿ ಆಕ್ಯುಪೇಷನಲ್ ಥೆರಪಿ ವಿಭಾಗಗಳಿವೆ. ಹಾಜಿ ಅಲಿ ಬಳಿ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಇದೆ.
• ಪುಣೆ: ದೊಡ್ಡ ಆಸ್ಪತ್ರೆಗಳ ನರರೋಗ ವಿಭಾಗದಲ್ಲಿ ವಿಚಾರಿಸಬಹುದು. ಪಾರ್ಕಿನ್ಸನ್ ಇರುವವರ ಕುಟುಂಬಗಳಿಗೆ ಪಾರ್ಕಿನ್ಸನ್ಸ್ ಮಿತ್ರಮಂಡಳ ಎಂಬ ಬೆಂಬಲ ಗುಂಪಿದೆ.
• ದೆಹಲಿ: ಏಮ್ಸ್ ಜೊತೆಗೆ ಪಂಡಿತ್ ದೀನದಯಾಳ್ ಉಪಾಧ್ಯಾಯ ರಾಷ್ಟ್ರೀಯ ದೈಹಿಕ ಅಂಗವಿಕಲರ ಸಂಸ್ಥೆ.
• ಚೆನ್ನೈ: ಮುಟ್ಟುಕಾಡಿನ ಬಹುವಿಧ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ. ಡಿಮೆನ್ಷಿಯಾ ಆರೈಕೆಗೆ ಸ್ಕಾರ್ಫ್ ಸಂಸ್ಥೆ. ಹತ್ತಿರದ ವೆಲ್ಲೂರಿನ ಸಿಎಂಸಿ.
• ಹೈದರಾಬಾದ್: ನಿಮ್ಸ್‌ನ ನರರೋಗ ವಿಭಾಗದಲ್ಲಿ ವಿಚಾರಿಸಬಹುದು.
• ಕರ್ನಾಟಕ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿಗೆ ಪ್ರತ್ಯೇಕ ವಿಭಾಗವಿದೆ. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿ ವಿಭಾಗವಿದೆ. ಡಿಮೆನ್ಷಿಯಾ ಆರೈಕೆಗೆ ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಅಡಿ ಜಿಲ್ಲಾ ಮಟ್ಟದಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳೂ ಬಂದಿವೆ.

1992ರಲ್ಲಿ ಕೇರಳದಲ್ಲಿ ಹುಟ್ಟಿದ ಅಲ್ಝೈಮರ್ಸ್ ಆ್ಯಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ ಹಲವು ನಗರಗಳಲ್ಲಿ ಶಾಖೆ ಹೊಂದಿದ್ದು, ಕುಟುಂಬಗಳಿಗೆ ಮಾಹಿತಿ ನೀಡುತ್ತದೆ.

ಸರ್ಕಾರದ ನೆರವು ಇದೆಯೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಸೆರೆಬ್ರಲ್ ಪಾಲ್ಸಿ ಈ ಪಟ್ಟಿಯಲ್ಲಿವೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ ಹಲವು ಸೌಲಭ್ಯಗಳಿಗೆ ಅರ್ಹತೆ ಸಿಗುತ್ತದೆ. ಇದಕ್ಕೆ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬೇಕು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಹಾಗೂ ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗಿನ ರಕ್ಷಣೆ ಇದ್ದು, ಥೆರಪಿಯೂ ಅದರಲ್ಲಿ ಸೇರಿದೆ. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿಗಳನ್ನು ಒದಗಿಸಲು 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ ಆರಂಭವಾಗಿದೆ. ಖಾಸಗಿ ಆರೋಗ್ಯ ವಿಮೆ ಇರುವವರು ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಥೆರಪಿಗೆ ಹಣ ಸಿಗುತ್ತದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಥೆರಪಿಸ್ಟ್‌ರನ್ನು ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

• ಆಕ್ಯುಪೇಷನಲ್ ಥೆರಪಿಯಲ್ಲಿ ಪದವಿ ಇದೆಯೇ? ಬಿಒಟಿ ಅಥವಾ ಎಂಒಟಿ ಎಂಬುದನ್ನು ನೋಡಿ.
• ನರರೋಗ ಅಥವಾ ಡಿಮೆನ್ಷಿಯಾ ಇರುವ ವಯಸ್ಕರ ಜೊತೆ ಕೆಲಸ ಮಾಡಿದ ಅನುಭವ ಎಷ್ಟು? ನಗರಗಳಲ್ಲಿ ಹಲವು ಕೇಂದ್ರಗಳು ಮಕ್ಕಳಿಗಷ್ಟೇ ಸೇವೆ ಕೊಡುತ್ತವೆ.
• ಒಮ್ಮೆಯಾದರೂ ಮನೆಗೆ ಬಂದು ಬಚ್ಚಲು, ಅಡುಗೆಮನೆ ನೋಡುತ್ತಾರೆಯೇ? ಬರಲಾಗದಿದ್ದರೆ ವಿಡಿಯೋ ಕರೆಯಲ್ಲಿ?
• ಮೊದಲ ಆರು ವಾರಗಳ ಗುರಿ ಏನು? ಅದನ್ನು ಹೇಗೆ ಅಳೆಯುತ್ತಾರೆ?
• ಮನೆಯವರಿಗೆ, ನೋಡಿಕೊಳ್ಳುವ ಆಯಾಗೆ ಏನು ಕಲಿಸುತ್ತಾರೆ?

'ಪೂರ್ತಿ ಗುಣಪಡಿಸುತ್ತೇವೆ' ಎಂಬ ಭರವಸೆ ಕೊಡುವವರಿಂದ, ಮೊಬೈಲ್ ಆಟದಿಂದ ನೆನಪು ಮರಳುತ್ತದೆ ಎನ್ನುವವರಿಂದ ದೂರ ಇರುವುದು ಲೇಸು. ಆಟದಲ್ಲಿ ಅಂಕ ಹೆಚ್ಚಿದರೆ ತಾವೇ ಸ್ನಾನ ಮಾಡಲು ಬಂದಂತಾಗುವುದಿಲ್ಲ.

ಆರೈಕೆ ಮಾಡುವವರನ್ನು ಮರೆಯಬೇಡಿ

ಇಡೀ ದಿನ ಜೊತೆಗಿರುವ ಹೆಂಡತಿ, ಸೊಸೆ, ಮಗಳ ದಣಿವು ಯಾವ ವರದಿಯಲ್ಲೂ ಬರುವುದಿಲ್ಲ. ಎತ್ತಿ ಕೂರಿಸುವಾಗ ಸೊಂಟ ಉಳುಕದಂತೆ ನೋಡಿಕೊಳ್ಳುವುದು, ಸ್ನಾನಕ್ಕೆ ಒಲ್ಲೆ ಎಂದಾಗ ಜಗಳವಾಡದೆ ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುವುದು, ವಾರದಲ್ಲಿ ಕೆಲವು ಗಂಟೆ ಬೇರೆಯವರಿಗೆ ಜವಾಬ್ದಾರಿ ಕೊಡುವುದು ಇವೂ ಥೆರಪಿಯ ಭಾಗ. ಮನಸ್ಸು ಸೋತಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರಿಗೆ ಸಂಬಂಧಿಸಿದ ಮಾಹಿತಿಗೆ ಎಲ್ಡರ್ ಲೈನ್ ಸಂಖ್ಯೆ 14567 ಇದೆ. ಎರಡೂ ಉಚಿತ.

ಗಮನಿಸಿ: ಇದು ಸಾಮಾನ್ಯ ಮಾಹಿತಿ. ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಹಠಾತ್ತಾಗಿ ಕಾಣಿಸಿಕೊಂಡರೆ ಥೆರಪಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ವ್ಯಾಯಾಮ, ಸಲಕರಣೆ ಬಳಸುವ ಮುನ್ನವೂ ನರರೋಗ ತಜ್ಞರು ಮತ್ತು ಥೆರಪಿಸ್ಟ್ ಅವರ ಸಲಹೆ ಪಡೆಯಿರಿ.